ತಳ್ಳಿದ ಹೆಂಗಸು

ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೇ ಬೆರಳಚ್ಚು ಮಾಡುವುದು ನ್ಯಾಯಾಲಯದಲ್ಲಿ ಆಕೆಯ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಒಂದು ಮಾತನ್ನೂ ಕೂಡಿಸಿದವಳಲ್ಲ, ಬಿಟ್ಟವಳಲ್ಲ. ಅದಕ್ಕೇ ವಕೀಲರು ಅವಳಿಗೆ ‘ಕನ್ನಡಿ’ ಎಂದು ಹೆಸರಿಟ್ಟಿದ್ದರು.

ಆ ಮೊಕದ್ದಮೆ ಚಿಕ್ಕದು. ಮನೆಯ ಒಡತಿಯೂ ಬಾಡಿಗೆಯವಳೂ ಜಗಳವಾಡುತ್ತಾ ಮೆಟ್ಟಿಲಿಂದ ಉರುಳಿದ್ದರು. ಅವಳೇ ತಳ್ಳಿದ್ದು ಎಂದು ಇಬ್ಬರ ದೂರೂ ಒಂದೇ. ಒಡತಿಯ ಸೊಂಟ ಮುರಿದಿದ್ದರಿಂದ ಬಾಡಿಗೆಯವಳು ಆರೋಪಿಯಾದಳು. ಬಿದ್ದ ಮೇಲೆ ಅತ್ತವಳು ಬಾಡಿಗೆಯವಳು, ಒಡತಿ ತುಟಿಕಚ್ಚಿ ಕೂತಿದ್ದಳು. ಇದರಲ್ಲಿ ಯಾರಿಗೂ ತಕರಾರಿಲ್ಲ. ಕಣ್ಣಾರೆ ಕಂಡವನು ಕೆಳಗಿನ ಅಂಗಡಿಯ ದರ್ಜಿ ಒಬ್ಬನೇ.

“ತಳ್ಳಿದ ಹೆಂಗಸು ಅಳ್ತಾ ಇದ್ಲು,” ಎಂದ ಅವನು. ಕನ್ನಡಿ ಹಾಗೇ ಒತ್ತಿದಳು. ದರ್ಜಿ ಸಹಿ ಹಾಕಿ ಹೋದ.

ಮರುವಾರ ವಾದದ ದಿನ ಸರ್ಕಾರಿ ವಕೀಲರು ಆ ಸಾಲನ್ನೇ ಎತ್ತಿ ಓದಿದರು. “ತಳ್ಳಿದವಳು ಅತ್ತಳು. ಅತ್ತವಳು ಬಾಡಿಗೆಯವಳು. ಇನ್ನೇನು ಬೇಕು?”

ಕನ್ನಡಿಗೆ ಆಗ ನೆನಪಾಯಿತು. ಆ ಮಾತು ಹೇಳುವಾಗ ದರ್ಜಿ ಅಂಗೈಯನ್ನು ತನ್ನ ಎದೆಗೇ ಒತ್ತಿಕೊಂಡು ಹಿಂದಕ್ಕೆ ವಾಲಿದ್ದ, ಯಾರೋ ತನ್ನನ್ನು ನೂಕಿದ ಹಾಗೆ. ಕೈಯ ಮಾತು ಕಾಗದಕ್ಕೆ ಇಳಿದಿರಲಿಲ್ಲ. ತೀರ್ಪು ನಾಳೆಯೇ.

ಸಂಜೆ ಗಂಡನನ್ನು ಕೇಳಿದಳು: “ತಳ್ಳಿದ ಹೆಂಗಸು ಅಂದ್ರೆ ಯಾರು?”

“ತಳ್ಳಿದವಳು. ಇದೂ ಒಂದು ಪ್ರಶ್ನೆನಾ?”

ತರಕಾರಿ ಹೆಚ್ಚುತ್ತಿದ್ದ ಅತ್ತೆ ತಲೆಯೆತ್ತಿದರು. “ಯಾಕೋ, ತಳ್ಳಿಸಿಕೊಂಡವಳೂ ಆಗಬಹುದಲ್ಲ? ನಿನ್ನೆ ತಂದ ಬಕೆಟ್ಟು ಅಂದ್ರೆ ಬಕೆಟ್ಟು ಏನಾದ್ರೂ ತಂತಾ?”

ಗಂಡ ನಕ್ಕ. ಬಾಯಿ ಬಿಟ್ಟರೆ ಅವಳ ಕೆಲಸಕ್ಕೇ ಸಂಚಕಾರ. ಬಿಡದಿದ್ದರೆ ಒಬ್ಬಳು ಜೈಲಿಗೆ.

ಬೆಳಿಗ್ಗೆ ನ್ಯಾಯಾಧೀಶರು ತೀರ್ಪಿನ ಹಾಳೆ ಕೈಗೆತ್ತಿಕೊಳ್ಳುತ್ತಿದ್ದಂತೆ ಕನ್ನಡಿ ಎದ್ದು ನಿಂತಳು. “ಸ್ವಾಮಿ, ದರ್ಜಿಯ ಆ ಸಾಲಿಗೆ ಎರಡು ಅರ್ಥ ಇದೆ. ತಪ್ಪು ನಂದು. ಅವತ್ತೇ ಹೇಳಬೇಕಿತ್ತು.”

ಸರ್ಕಾರಿ ವಕೀಲರು ಕೆಂಡವಾದರು. ನ್ಯಾಯಾಧೀಶರು ಸಾಲನ್ನು ಎರಡು ಸಲ ಓದಿಕೊಂಡು ದರ್ಜಿಯನ್ನು ಕರೆಸಿದರು.

“ಅಯ್ಯೋ, ಓನರಮ್ಮ ತಳ್ಳಿದ ಹೆಂಗಸು ಸ್ವಾಮಿ!” ಎಂದ ದರ್ಜಿ. “ಈವಮ್ಮ ಪಾಪ, ಏನು ಮಾಡಿದ್ಲು?”

ಬಾಡಿಗೆಯವಳು ಬಿಡುಗಡೆಯಾದಳು. ಕನ್ನಡಿಗೆ ವಿವರಣೆ ಕೇಳಿ ನೋಟೀಸು ಬಂತು, ಎಚ್ಚರಿಕೆಯಲ್ಲಿ ಮುಗಿಯಿತು. ಆ ಸಾಲು ಮಾತ್ರ ಅವಳ ತಲೆಯಿಂದ ಇಳಿಯಲಿಲ್ಲ. ಒಂದು ಮಧ್ಯಾಹ್ನ ದಾಖಲೆ ಕೋಣೆಗೆ ಹೋಗಿ, ತಾನು ಬೆರಳಚ್ಚು ಮಾಡಿದ ಹಳೆಯ ಕಡತ ಬೇಕು ಎಂದಳು.

“ಯಾವ ವರ್ಷದ್ದು?” ಗುಮಾಸ್ತ ಕೇಳಿದ.

ಅವಳು ಸೂರಿನವರೆಗೆ ಏರಿದ್ದ ಕಪಾಟುಗಳನ್ನು ನೋಡುತ್ತಾ ನಿಂತಳು. “ಮೊದಲನೇ ವರ್ಷದಿಂದ ತೆಗೀರಿ,” ಎಂದಳು.