ಲಚ್ಚಿಯ ಎಡಗಣ್ಣು

ಹೋದ ವರ್ಷ, ಐವತ್ತೇಳನೇ ಇಸವಿ, ಯುಗಾದಿ ಕಳೆದು ಎರಡು ವಾರ ಆಗಿತ್ತು. ನಾನು ರಾಜಾಜಿನಗರದಲ್ಲಿ ಗಾರೆ ಕೆಲಸ ಮಾಡೋನು. ಓದಿರೋದು ಮೂರನೇ ಕ್ಲಾಸು. ಸುತ್ತಿ ಬಳಸಿ ಬರೆಯೋಕೆ ಬರಲ್ಲ, ಆಗಿದ್ದನ್ನ ಆಗಿದ್ದಂಗೇ ಹೇಳ್ತೀನಿ.

ಲಚ್ಚಿ ಅಂತ ನಮ್ಮದೊಂದು ನಾಯಿ. ನಾವು ಕಟ್ಟೋ ಮನೆ ಮರಳು ಗುಡ್ಡೆ ಮೇಲೇ ಹುಟ್ಟಿದ್ದು, ನನ್ನ ಹಿಂದೇನೇ ಬಂದು ಮನೆ ಸೇರ್ಕೊಂತು. ಸುತ್ತ ಇನ್ನೂ ಖಾಲಿ ಸೈಟುಗಳು, ಸೊಂಟದುದ್ದ ಒಣಹುಲ್ಲು. ಅದರೊಳಗೆ ನುಗ್ಗಿ ಓತಿಕ್ಯಾತ ಅಟ್ಟೋದು ಅವಳ ಕೆಲಸ. ಒಂದು ಬೆಳಿಗ್ಗೆ ನೋಡ್ತೀನಿ, ಎಡಗಣ್ಣು ಮುಚ್ಕೊಂಡಿದ್ದಾಳೆ. ನೀರು ಸೋರ್ತಾ ಇದೆ. ಮುಂಗಾಲಲ್ಲಿ ಉಜ್ಜೋದು, ಬಿಸಿಲು ಬಿದ್ರೆ ಸಿಮೆಂಟ್ ಮೂಟೆ ಹಿಂದೆ ಹೋಗಿ ಅವಿತ್ಕೊಳ್ಳೋದು. ಧೂಳು ಬಿದ್ದಿರ್ಬೇಕು, ತಾನೇ ಹೋಗುತ್ತೆ ಅಂದ್ಕೊಂಡೆ.

ಸಂಜೆ ಮನೇಲಿ ತಾತ ನೋಡಿದ್ರು. ನಮ್ಮ ತಾತ ಮಾರೇನಹಳ್ಳೀಲಿ ಎತ್ತು ಕಟ್ಟಿದ್ದೋರು. ಎತ್ತಿನ ಕಣ್ಣು ಕೆಂಪಾದ್ರೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಜಗಿದು ಕಣ್ಣಿಗೇ ಉಗೀತಿದ್ರು. ಊರೇ ಅವರನ್ನ ಕರೀತಿತ್ತು.

"ತಲೆ ಗಟ್ಟಿಯಾಗಿ ಹಿಡ್ಕೋಳ್ಲಾ," ಅಂದ್ರು.

ಹಿಡ್ಕೊಂಡೆ. ತಾತ ಉಗಿದ್ರು. ಲಚ್ಚಿ ಕಿರುಚಿದ್ದು ಬೀದಿಗೆಲ್ಲ ಕೇಳಿಸ್ತು. ಕೈ ಬಿಡಿಸ್ಕೊಂಡು ಓಡ್ದಳು. ಆಮೇಲೆ ಮುದ್ದೆ ಇಟ್ಟು ಕರೆದ್ರೂ ನನ್ನ ಹತ್ರ ಬರ್ಲಿಲ್ಲ.

ಬೆಳಿಗ್ಗೆ ಕಣ್ಣ ಮೇಲೆ ಗಂಜಿ ಕೆನೆ ಥರ ಬಿಳಿ ಪೊರೆ. ಮೂಲೇಲಿ ಕೀವು.

"ಇನ್ನೊಂದು ಸಲ ಹಾಕಿದ್ರೆ ಇಳಿಯುತ್ತೆ. ಹಿಡ್ಕೋ," ಅಂದ್ರು ತಾತ.

"ಬೇಡ ತಾತ. ಆಸ್ಪತ್ರೆಗೆ ಹೊತ್ಕೊಂಡು ಹೋಗ್ತೀನಿ."

"ನಂಗೇ ಎದುರು ಮಾತಾಡ್ತೀಯೇನ್ಲಾ?"

"ಹೂಂ," ಅಂದೆ. ಹುಟ್ಟಿದಾಗಿಂದ ಅದೇ ಮೊದಲು.

ಕೆಲಸದ ಜಾಗಕ್ಕೆ ಹೋಗಿ, ನಾಯೀನ ಆಸ್ಪತ್ರೆಗೆ ಹೊರ್ಬೇಕು ಅಂತ ಮಣ್ಣು ಹೊರೋ ಬಿದಿರು ಮಂಕರಿ ಒಂದು ಕೇಳ್ದೆ. ಎಲ್ಲಾ ನಕ್ಕರು. "ಬರ್ತಾ ಅದಕ್ಕೊಂದು ಕನ್ನಡಕಾನೂ ಹಾಕ್ಸ್ಕೊಂಡು ಬಾ ಗುರು!" ಅಂದ ಒಬ್ಬ. ಮೇಸ್ತ್ರಿ ಮಾತ್ರ ನಗಲಿಲ್ಲ. "ಇವತ್ತು ಗೋಡೆ ಏಳ್ಬೇಕು. ಹೋದ್ರೆ ನಾಳೆ ಬರೋದೇ ಬೇಡ," ಅಂದ. ಹೋದೆ. ಮಂಕರೀಲಿ ಲಚ್ಚೀನ ಕೂರಿಸಿ, ಬಿಸಿಲು ತಾಗದಂಗೆ ಟವಲ್ ಮುಚ್ಚಿ, ತಲೆ ಮೇಲೆ ಹೊತ್ಕೊಂಡು ಮೂರ್ನಾಲ್ಕು ಮೈಲಿ ನಡೆದೆ.

ದನದ ಆಸ್ಪತ್ರೆ ತುಂಬ ಹಸು, ಎಮ್ಮೆ. ಕಾಂಪೌಂಡರು, "ನಾಯಿನಾ? ಕೊನೇಗೆ ಕೂತ್ಕೋ," ಅಂದ್ರು. "ಕೂತ್ಕೋತೀನಿ ಸಾರ್. ತೋರಿಸದೆ ಮಾತ್ರ ಹೋಗಲ್ಲ," ಅಂದೆ. ಮಧ್ಯಾಹ್ನ ಕರೆದ್ರು. ಡಾಕ್ಟರು ನೋಡಿ ಮುಖ ಗಂಟು ಹಾಕ್ಕೊಂಡ್ರು.

"ಇದಕ್ಕೆ ಏನು ಹಾಕಿದೆ?"

ಸುಳ್ಳು ಹೇಳ್ಬೋದಿತ್ತು. ಹೇಳ್ಲಿಲ್ಲ. "ಎಲೆ ಅಡಿಕೆ ಜಗಿದು ಉಗಿದ್ವಿ ಸಾರ್."

"ಸುಣ್ಣ ಇತ್ತಾ?"

"ಇತ್ತು."

"ಏನು ಕೆಲಸ ನಿಂದು?"

"ಗಾರೆ ಕೆಲಸ."

"ನಿನ್ನ ಕಣ್ಣಿಗೆ ಸುಣ್ಣ ಸಿಡಿದ್ರೆ ಏನ್ಮಾಡ್ತೀಯಾ?"

"ತಕ್ಷಣ ನೀರಲ್ಲಿ ತೊಳ್ಕೋತೀನಿ ಸಾ..." ದಿನಾ ಸುಣ್ಣ ಕಲಸೋ ಕೈ ನಂದು. ಅದೇ ಕೈಯಲ್ಲಿ ಅವಳ ತಲೆ ಹಿಡ್ಕೊಂಡಿದ್ದೆ.

ಲಚ್ಚಿ ಬಾಯಿಗೆ ಬಟ್ಟೆ ಕಟ್ಟಿದ್ರು. ಕಣ್ಣು ಚೆನ್ನಾಗಿ ತೊಳೆದು, ನೋವು ಗೊತ್ತಾಗದಂಗೆ ಹನಿ ಹಾಕಿ, ಒಳರೆಪ್ಪೆ ಎತ್ತಿ ಚಿಮಟದಲ್ಲಿ ಏನೋ ಒಂದನ್ನ ಎಳೆದ್ರು. ಒಣಹುಲ್ಲಿನ ಮುಳ್ಳು. ಕಾಲಿಂಚೂ ಇಲ್ಲ.

"ನಿನ್ನೇನೇ ಬಂದಿದ್ರೆ ಇದನ್ನ ತೆಗೆದು ಕಳಿಸ್ತಿದ್ದೆ," ಅಂದ್ರು. "ಈಗ ಕಣ್ಣು ಉಳಿಯುತ್ತೆ ಅಂತ ಹೇಳೋಕಾಗಲ್ಲ. ದಿನಕ್ಕೆ ಮೂರು ಸಲ ಈ ಮುಲಾಮು. ಒಂದ್ಸಲಾನೂ ಉಜ್ಜೋಕೆ ಬಿಡಬೇಡ. ವಾರ ಬಿಟ್ಟು ಕರ್ಕೊಂಡು ಬಾ."

ಮಂಕರಿ ತಳದಲ್ಲಿ ತಲೆ ತೂರೋಷ್ಟು ತೂತು ಕುಯ್ದು, ಅಂಚಿಗೆ ಬಟ್ಟೆ ಸುತ್ತಿ ಅವಳ ಕುತ್ತಿಗೆಗೆ ಹಾಕಿದೆ. ಕಾಲು ಕಣ್ಣಿಗೆ ಎಟುಕ್ತಿರ್ಲಿಲ್ಲ. ಬೀದಿಯೋರು ನಕ್ಕರೆ ನಗಲಿ. ಮೇಸ್ತ್ರಿ ಎರಡು ದಿನ ಕೆಲಸ ಕೊಡ್ಲಿಲ್ಲ, ಮೂರನೇ ದಿನ ಅವನೇ ಕರೆದ. ಲಚ್ಚೀನೂ ಕರ್ಕೊಂಡು ಹೋದೆ. ಮಧ್ಯಾಹ್ನದ ಮುಲಾಮು ಬೇರೆ ಯಾರು ಹಾಕ್ತಾರೆ?

ಕಷ್ಟ ಅಂದ್ರೆ ಮನೇಲಿ. ನನ್ನ ಕೈ ಕಂಡ್ರೇ ಅವಳು ನಡುಗೋಳು. ಒಂದು ಸಂಜೆ ಮುಲಾಮು ಹಿಡ್ಕೊಂಡು ಒದ್ದಾಡ್ತಿದ್ದೆ. ಮಾತು ಬಿಟ್ಟಿದ್ದ ತಾತ ಎದ್ದು ಬಂದ್ರು. ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, ಕೈ ತೊಳ್ಕೊಂಡು, ಅವಳ ತಲೇನ ತೊಡೆ ಮೇಲಿಟ್ಕೊಂಡ್ರು.

"ಹಾಕು ಕಣ್ಲಾ. ನಿಧಾನ," ಅಂದ್ರು. ಅಷ್ಟೇ.

ಮೂರು ವಾರ ಹಾಕಿದ್ವಿ. ಕಣ್ಣು ಉಳೀತು. ಕಪ್ಪು ಗುಡ್ಡೆ ಮೇಲೆ ಅಕ್ಕಿ ನುಚ್ಚಿನಷ್ಟು ಬಿಳಿ ಕಲೆ ಮಾತ್ರ ಹೋಗ್ಲಿಲ್ಲ. ಹೋಗಲ್ಲ ಅಂತ ಡಾಕ್ಟರು ಹೇಳಿದ್ದಾರೆ.

ಈಗ ಯಾವ ನಾಯಿ ಕಣ್ಣು ಕಿರಿದು ಮಾಡ್ಕೊಂಡ್ರೂ ನಾನು ನಿಂತು ನೋಡ್ತೀನಿ. ಯಾರಾದ್ರೂ ಎಲೆ ಅಡಿಕೆ ಜಗೀತಾ ಬಂದ್ರೆ ಅಡ್ಡ ನಿಲ್ತೀನಿ, ದೊಡ್ಡೋರಾದ್ರೂ ಸರಿ. ಲಚ್ಚಿ ನನ್ನ ಹತ್ರ ಬರ್ತಾಳೆ, ಬಾಲ ಆಡಿಸ್ತಾಳೆ. ಆದ್ರೆ ತಲೆ ಸವರೋಕೆ ಕೈ ಎತ್ತಿದ್ರೆ ಇವತ್ತಿಗೂ ಮೊದಲು ಆ ಎಡಗಣ್ಣು ಮುಚ್ಕೋತಾಳೆ. ಅವಳು ಕಣ್ಣು ತೆರೆಯೋವರೆಗೂ ಕೈ ಹಂಗೇ ಹಿಡ್ಕೊಂಡು ಕಾಯ್ತೀನಿ.