ತಮ್ಮನಿಗೆ ನಾನು ಕೊಟ್ಟ ಪದವಿ

ನನ್ನ ತಮ್ಮ ಕತಾರ್ ಬಿಟ್ಟು ಹೋಗಿ ಇಪ್ಪತ್ತು ದಿನವಾಯಿತು. ಫೋನು ಎತ್ತುತ್ತಿಲ್ಲ. ಅವನು ಹೋಗುವಂತೆ ಮಾಡಿದವನು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಬರೆದು ಅಭ್ಯಾಸವಿಲ್ಲ. ಆದರೂ ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ದೋಹಾ ಅಲ್ ಜದೀದಾ ಎಂಬ ಬಡಾವಣೆಯಲ್ಲಿ ನಮ್ಮದು ಗಂಡಸರ ಬಟ್ಟೆ ಹೊಲಿಯುವ ಸಣ್ಣ ಅಂಗಡಿ. ಲೈಸೆನ್ಸು ನಮಗೆ ವೀಸಾ ಕೊಟ್ಟ ಕತಾರಿ ಕಫೀಲರ ಹೆಸರಿನಲ್ಲಿ, ದುಡಿಮೆ ನಾವಿಬ್ಬರು ಅಣ್ಣತಮ್ಮಂದಿರದು. ಶುರುವಿನಲ್ಲಿ ಇಬ್ಬರೂ ಸಮ. ಗಿರಾಕಿ ಬಂದಾಗ ನಮ್ಮಲ್ಲಿ ಯಾರು ಎದುರಿಗಿದ್ದರೋ ಅವರೇ ಅಳತೆ ತೆಗೆಯುವುದು. ಗಿರಾಕಿಗಳು ಮಾತ್ರ ತಮ್ಮನನ್ನೇ ಕೇಳಿಕೊಂಡು ಬರುತ್ತಿದ್ದರು. ಅವನು ಕತ್ತರಿಸಿದ ಶರ್ಟು ಭುಜದಲ್ಲಿ ಎಂದೂ ಎಳೆಯುತ್ತಿರಲಿಲ್ಲ. ಅದನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿಯತೊಡಗಿತು.

ನಮ್ಮ ಕಸುಬಿನಲ್ಲಿ ಅಳತೆ ತೆಗೆದವನಿಗೇ ಗಿರಾಕಿ. ಒಂದು ದಿನ ತಮ್ಮನಿಗೆ, ಇನ್ನು ಮೇಲೆ ನೀನು ಕಟಿಂಗ್ ಮಾಸ್ಟರ್, ಒಳಗಿನ ದೊಡ್ಡ ಮೇಜು ನಿನ್ನದು ಎಂದೆ. ಅವನಿಗೆ ಖುಷಿಯಾಯಿತು. ಒಳಗಿನ ಮೇಜಿನಿಂದ ಗಿರಾಕಿಯ ಮುಖ ಕಾಣುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಅಳತೆ ಪುಸ್ತಕ ನನ್ನ ಕೈಗೆ ಬಂತು. ಬಿಲ್ಲಿನ ಮೇಲೆ ನನ್ನ ಮೊಬೈಲ್ ನಂಬರ್ ಒಂದೇ ಉಳಿಯಿತು. ಹೊಸದಾಗಿ ಇಬ್ಬರು ಟೈಲರ್‌ಗಳನ್ನು ನಾನೇ ಕರೆಸಿಕೊಂಡೆ. ಅವರು ನನ್ನ ಮಾತನ್ನಷ್ಟೇ ಕೇಳುತ್ತಿದ್ದರು.

ತಮ್ಮ ಹತ್ತನೆಯವರೆಗೆ ಓದಿದವನು. ಬಟ್ಟೆ ಕತ್ತರಿಸುವಾಗ ಮೊಬೈಲಿನಲ್ಲಿ ಇತಿಹಾಸದ ಕನ್ನಡ ವಿಡಿಯೊ ಹಾಕಿ ಕೇಳುತ್ತಿದ್ದ. ಒಮ್ಮೆ ವಾರಪೂರ್ತಿ ಯುರೋಪಿನ ಅರಸರ ಸಂಗತಿ. ಮೊದಮೊದಲು ಅಲ್ಲಿ ಅರಸನೆಂದರೆ ಹತ್ತು ಪಾಳೆಯಗಾರರ ನಡುವೆ ಒಬ್ಬನಂತೆ. ಒಬ್ಬೊಬ್ಬರಿಗೂ ಸ್ವಂತ ಕೋಟೆ, ಸ್ವಂತ ಜನ. ಅರಸ ತೆರಿಗೆ ಎತ್ತಲು ತನ್ನದೇ ಗುಮಾಸ್ತರನ್ನಿಟ್ಟ, ಸಂಬಳದ ಸೈನ್ಯ ಕಟ್ಟಿದ, ಪಾಳೆಯಗಾರರಿಗೆ ದೊಡ್ಡ ದೊಡ್ಡ ಪದವಿ ಕೊಟ್ಟು ಅರಮನೆಗೆ ಕರೆಸಿಕೊಂಡ. ಬೆಳಿಗ್ಗೆ ಅರಸನಿಗೆ ಅಂಗಿ ಎತ್ತಿಕೊಡುವುದೇ ಅವರಿಗೆ ದೊಡ್ಡ ಮರ್ಯಾದೆಯಾಯಿತು. ಅತ್ತ ಅವರ ಸೀಮೆಯ ಜನ ಅವರನ್ನು ಮರೆತರು. ಇದೆಲ್ಲ ದೇವರೇ ತನಗೆ ಕೊಟ್ಟ ಅಧಿಕಾರ ಎಂದೂ ಅರಸ ಹೇಳಿಕೊಂಡನಂತೆ.

ತಮ್ಮ ಕತ್ತರಿ ನಿಲ್ಲಿಸಿ ನಕ್ಕ. "ಭಾರೀ ಜೋರಿದ್ದಾನೆ ಅಣ್ಣ ಈ ಅರಸ. ಹೊಡೀಲಿಲ್ಲ, ಬಡೀಲಿಲ್ಲ, ಮರ್ಯಾದೆ ಕೊಟ್ಟೇ ಮೂಲೆಗೆ ಹಾಕಿದ."

ನಾನೂ ನಕ್ಕೆ. ಅಂದೇ ನಿಲ್ಲಿಸಬಹುದಿತ್ತು.

ಆಮೇಲೆ ಕಫೀಲರು ಬಿನ್ ಒಮ್ರಾನ್ ಬಡಾವಣೆಯಲ್ಲಿ ಇನ್ನೊಂದು ಅಂಗಡಿ ತೆರೆಯಲು ಹೊರಟರು. ಅದನ್ನು ತಾನು ನಡೆಸಬೇಕೆಂದು ತಮ್ಮನಿಗೆ ಆಸೆ. ಕಫೀಲರ ಹತ್ತಿರ ಮಾತಾಡುತ್ತಿದ್ದವನು ನಾನೊಬ್ಬನೇ, ಹಾಗಾಗಿ ನನ್ನನ್ನೇ ಕಳಿಸಿದ. ನಾನು ಹೋಗಿ, ಅವನಿಗೆ ಕೈ ನಡುಗುವ ಕಾಯಿಲೆ ಶುರುವಾಗಿದೆ, ಅಂಗಡಿ ನಡೆಸುವುದು ಅವನಿಂದಾಗದು ಎಂದೆ. ಅವರು ನಂಬಿದರು. ಅಂಗಡಿ ಬೇರೊಬ್ಬನ ಪಾಲಾಯಿತು. ನಾನು ಹೇಳಿದ್ದು ಕಫೀಲರ ಡ್ರೈವರ್ ಬಾಯಿಂದ ತಮ್ಮನಿಗೆ ಗೊತ್ತಾಯಿತು. ಅವನು ಜಗಳಕ್ಕೆ ಬರಲಿಲ್ಲ. ವೀಸಾ ಕ್ಯಾನ್ಸಲ್ ಮಾಡಿಸು, ಊರಿಗೆ ಹೋಗುತ್ತೇನೆ ಎಂದ.

ನಾನು ಕಫೀಲರ ಮನೆಗೆ ಓಡಿ, ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. ಖಲಾಸ್, ಅಂಗಡಿ ಬೇರೆಯವನಿಗೆ ಕೊಟ್ಟಾಯಿತು ಎಂದು ಅವರು ಬಾಗಿಲು ಹಾಕಿದರು.

ಹೊರಡುವ ದಿನ ಮಧ್ಯಾಹ್ನ ತಮ್ಮನ ರೂಮಿಗೆ ಹೋದೆ. ತಪ್ಪಾಯಿತು ಎಂದೆ. ಕಾಲು ಹಿಡಿಯಲೂ ಸಿದ್ಧನಿದ್ದೆ. ಅವನು ಬಟ್ಟೆ ಮಡಚುತ್ತಲೇ ಇದ್ದ.

"ಊರಲ್ಲಿ ಯಾಕೆ ಬಂದೆ ಅಂತ ಕೇಳ್ತಾರಲ್ಲ ಅಣ್ಣ. ನನಗೆ ಕೈ ನಡುಗ್ತದೆ ಅಂತ ಹೇಳ್ಬೇಕಾ, ಇಲ್ಲಾ ನಮ್ಮಣ್ಣ ಸುಳ್ಳು ಹೇಳಿದ ಅಂತ ಹೇಳ್ಬೇಕಾ? ನೀನೇ ಹೇಳು."

ನಿಜ ಹೇಳು ಎನ್ನಬೇಕಿತ್ತು. ಊರಿನಲ್ಲಿ ನನಗಿರುವ ಹೆಸರು ಕಣ್ಣ ಮುಂದೆ ಬಂತು. ಏರ್‌ಪೋರ್ಟಿಗೆ ಟ್ಯಾಕ್ಸಿ ಹೇಳಲಾ ಎಂದು ಕೇಳಿದೆ. ಅವನು ಸೂಟ್‌ಕೇಸಿನ ಜಿಪ್ ಎಳೆದ.

ಮೊನ್ನೆ ಊರಿನಿಂದ ಹೆಂಡತಿ ಫೋನ್ ಮಾಡಿದ್ದಳು. ಮೈದುನನಿಗೆ ಏನೋ ಕೈ ನಡುಗುವ ಕಾಯಿಲೆಯಂತೆ, ಹೌದಾ ಎಂದು ಕೇಳಿದಳು.

ಹೌದು ಎಂದೆ.