ಸೊಂಟಕ್ಕೆ ಕಟ್ಟಿದ ಕಂಪ್ಯೂಟರ್

ಮೂಡಿಗೆರೆ ಹತ್ತಿರದ ಕಾಫಿ ಎಸ್ಟೇಟಿಗೆ ನಾನು ರೈಟರ್ ಆಗಿ ಸೇರಿದಾಗ ಮೊಬೈಲ್ ಸಿಗ್ನಲ್ ಇನ್ನೂ ಪೇಟೆ ದಾಟಿ ಬಂದಿರಲಿಲ್ಲ. ಚಿಕ್ಕಮಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದೆ. ಏನು ಕೆಟ್ಟರೂ ಬಿಚ್ಚಿ ಸರಿಮಾಡಬಲ್ಲೆ ಎಂಬ ಧೈರ್ಯ ನನಗಿತ್ತು. ಆದರೆ ಕೆಲಸ ಮಾತ್ರ ಹಾಜರಿ ಬರೆಯುವುದು, ಮತ್ತೆ ವರ್ಷಕ್ಕೆರಡು ಸಲ ಬೋರರ್ ಹುಡುಕುವವರ ಹಿಂದೆ ಪುಸ್ತಕ ಹಿಡಿದು ನಡೆಯುವುದು.

ಬೋರರ್ ಎಂದರೆ ಕಾಂಡ ಕೊರೆಯುವ ಹುಳ. ಅರೇಬಿಕಾ ಗಿಡದೊಳಗೆ ಸುರಂಗ ತೋಡುತ್ತದೆ. ಹೊರಗೆ ಕಾಣುವುದು ತೊಗಟೆಯ ಮೇಲಿನ ಸಣ್ಣ ಉಬ್ಬು ಮಾತ್ರ. ಒಂದೊಂದು ಗಿಡಕ್ಕೂ ಬಗ್ಗಿ, ಪಾಚಿ ಉಜ್ಜಿ, ಬೆರಳಾಡಿಸಿ ನೋಡಬೇಕು. ಹುಳ ಹಿಡಿದ ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿ, ಆಮೇಲೆ ಕಿತ್ತು ಸುಡಬೇಕು. ಈ ಕೆಲಸದಲ್ಲಿ ಎಸ್ಟೇಟಿಗೇ ಹೆಸರಾದವರು ಕೂಲಿಗಾರರ ಸಾಲುಮನೆಗಳ ಲೈನಿನಲ್ಲಿ ನಮ್ಮ ಪಕ್ಕದ ಮನೆಯ ಹೆಂಗಸು. ಇದೇ ತೋಟದಲ್ಲಿ ನನ್ನ ಅಮ್ಮನ ಜೊತೆ ಕಾಫಿ ಹಣ್ಣು ಕೊಯ್ದವರು. ನಾನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದೆ. ಅವರು ನೋಡುತ್ತ ಹೋಗುತ್ತಿದ್ದರು, ನಾನು ಬರೆಯುತ್ತ ಹೋಗುತ್ತಿದ್ದೆ. ಸೆಪ್ಟೆಂಬರಿನ ಜಿಟಿಜಿಟಿ ಮಳೆಯಲ್ಲಿ ಪುಸ್ತಕ ಒದ್ದೆಯಾಗುತ್ತಿತ್ತು, ಪೆನ್ನು ಹಿಡಿಯುತ್ತಿರಲಿಲ್ಲ. ಸಂಜೆ ಆಫೀಸಿನಲ್ಲಿ ಅರ್ಧ ಲೆಕ್ಕ ಊಹೆ.

ಆಫೀಸಿನ ಕಪಾಟಿನಲ್ಲಿ ಅಂಗೈಯಗಲದ ಒಂದು ಕಂಪ್ಯೂಟರ್ ಬಿದ್ದಿತ್ತು. ಎಸ್ಟೇಟಿನ ಒಡೆಯರಾದ ಸಾಹುಕಾರರಿಗೆ ಯಾರೋ ಉಡುಗೊರೆ ಕೊಟ್ಟದ್ದು. ನಾಲ್ಕು ಗುಂಡಿ, ಬೂದು ಬಣ್ಣದ ಪರದೆ. ಕೇಳಿದೆ.

"ತಗೊಂಡ್ಹೋಗಮ್ಮ, ನಂಗದು ಬಗೆಹರೀಲಿಲ್ಲ," ಅಂದರು.

ಒಂದು ವಾರ ಕೂತೆ. ಅದರ ಬೆನ್ನು ಬಿಚ್ಚಿ ನಾಲ್ಕು ಗುಂಡಿಗಳಿಗೂ ತೆಳ್ಳನೆಯ ವೈರ್ ಬೆಸೆದು ಹೊರಗೆ ತಂದೆ. ಕೆಟ್ಟ ಟಿವಿಯೊಂದರಿಂದ ಕಿತ್ತ ಸ್ವಿಚ್ಚುಗಳನ್ನು ಆ ವೈರುಗಳ ತುದಿಗೆ ಹಾಕಿದೆ. ಒಳಗಿನ ಸಣ್ಣ ಸೆಲ್ಲಿನ ಬದಲು ಟಾರ್ಚಿನ ಎರಡು ದಪ್ಪ ಸೆಲ್ಲು. ಆಫೀಸಿನ ದೊಡ್ಡ ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದು ಅದರೊಳಗೆ ಹಾಕಿದೆ: ಮೊದಲ ಗುಂಡಿ ಒತ್ತಿದರೆ ಒಳ್ಳೆಯ ಗಿಡ, ಎರಡನೆಯದು ಬೋರರ್ ಗಿಡ, ಮೂರನೆಯದು ಸಾಲು ಮುಗಿಯಿತು, ನಾಲ್ಕನೆಯದು ತಪ್ಪಾಯಿತು, ಅಳಿಸು. ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎದೆಗೆ ಬೆಲ್ಟು ಬಿಗಿದು ತೋಟಕ್ಕೆ ಇಳಿದೆ.

ಚಿಕ್ಕಮ್ಮ ಮೇಲಿಂದ ಕೆಳಗೆ ನೋಡಿ, "ಏನೇ ಇದು, ಹೃದಯ ಹೊರಗಿಟ್ಕೊಂಡು ಬಂದಿದೀಯ?" ಎಂದು ನಕ್ಕರು.

ನಾನು ಬಗ್ಗಿದಾಗಲೆಲ್ಲ ಕಾಫಿ ರೆಂಬೆ ಗುಂಡಿಗಳನ್ನು ಒತ್ತುತ್ತಿತ್ತು. ಸಾಲಿನ ಕೊನೆಯಲ್ಲಿ ಪರದೆ ಓದಿ ಹೇಳಿದೆ. ಅವರಿಗೆ ಇನ್ನೂ ನಗು.

"ನಿನ್ನ ಡಬ್ಬಿ ಪ್ರಕಾರ ಈ ಸಾಲು ಪೂರ್ತಿ ಸತ್ತಿದೆ ಮಾರಾಯ್ತಿ! ಎದೆ ಮೇಲೆ ಯಾರಾದ್ರೂ ಭಾರ ಹೊರ್ತಾರಾ? ಸೊಂಟದ ಹಿಂದೆ ಕಟ್ಟು. ಗುಂಡಿ ಎಡಗೈ ಬೆರಳಿಗೆ ಹಾಕು, ಬಲಗೈ ಗಿಡಕ್ಕೆ ಬೇಕು."

"ಹಿಂದೆ ಕಟ್ಟಿದ್ರೆ ಪರದೆ ನೋಡೋದು ಹೇಗೆ?"

"ನಾನು ಗಿಡ ನೋಡ್ತೀನಾ? ಮುಟ್ತೀನಿ."

ಆ ಮಾತಿನಿಂದ ನನ್ನ ಯಂತ್ರ ದಾರಿಗೆ ಬಂತು. ಪರದೆಯ ಆಸೆ ಬಿಟ್ಟೆ. ಒಂದೊಂದು ಗುಂಡಿಗೆ ಒಂದೊಂದು ಬಗೆಯ ಸದ್ದು ಬರುವಂತೆ ಪ್ರೋಗ್ರಾಂ ತಿದ್ದಿದೆ. ಚಿಕ್ಕಮ್ಮ ಹಣ್ಣು ಕೊಯ್ಯುವ ಹಳೆಯ ಚೀಲ ಕತ್ತರಿಸಿ, ಹರಿದ ಕೊಡೆಯ ಬಟ್ಟೆ ಒಳಗಿಟ್ಟು, ಗೋಣಿ ಹೊಲಿಯುವ ದಬ್ಬಳದಲ್ಲಿ ಸೊಂಟಪಟ್ಟಿ ಹೊಲಿದುಕೊಟ್ಟರು. ಎರಡು ದಿನ ಅದು ಸೊಗಸಾಗಿ ನಡೆಯಿತು.

ಮೂರನೆಯ ದಿನ ಸೆಲ್ಲಿನ ವೈರ್ ಕಳಚಿತು. ಮತ್ತೆ ಸಿಕ್ಕಿಸಿದಾಗ ಒಳಗೆ ಏನೂ ಇಲ್ಲ. ಕರೆಂಟು ತಪ್ಪಿದರೆ ಎಲ್ಲ ಮರೆಯುವ ಜಾತಿಯ ಯಂತ್ರ. ಪ್ರೋಗ್ರಾಮಿನ ಪ್ರತಿ ಆಫೀಸಿನಲ್ಲಿತ್ತು, ಹಿಂದಿನ ದಿನಗಳದ್ದನ್ನೂ ಅಲ್ಲಿ ಇಳಿಸಿಟ್ಟಿದ್ದೆ. ಆ ದಿನದ ಕೆಲಸ ಹೋಯಿತು. ನಾನು ಕಲ್ಲಿನ ಮೇಲೆ ಕೂತುಬಿಟ್ಟೆ.

"ಏಳು," ಅಂದರು ಚಿಕ್ಕಮ್ಮ. "ಬಟ್ಟೆ ಕಟ್ಟಿದೀವಲ್ಲ, ಗಿಡ ಎಲ್ಲೂ ಓಡಿಹೋಗಲ್ಲ."

ಮರುದಿನ ಬೆಳಿಗ್ಗೆ ಬಟ್ಟೆ ನೋಡಿಕೊಂಡು ಮತ್ತೆ ಒತ್ತುತ್ತ ಹೋದೆವು. ಹತ್ತು ಗಂಟೆಯ ಕಾಫಿಗೆ ಮುಗಿದಿತ್ತು. ಹಿಂದಿನ ರಾತ್ರಿಯೇ ಒಳಗಿನ ಸಣ್ಣ ಸೆಲ್ಲುಗಳನ್ನೂ ವಾಪಸು ಹಾಕಿ, ಹೊರಗಿನದು ಕೈಕೊಟ್ಟರೆ ಒಳಗಿನದು ಹಿಡಿದುಕೊಳ್ಳುವ ಹಾಗೆ ಮಾಡಿದ್ದೆ. ಆಮೇಲೆ ಅದು ಏನನ್ನೂ ಮರೆಯಲಿಲ್ಲ.

ತೋಟದ ಆ ಬ್ಲಾಕು ಪೂರ್ತಿ ಮುಗಿದ ಮೇಲೆ ಎಲ್ಲವನ್ನೂ ಆಫೀಸಿನ ಕಂಪ್ಯೂಟರಿಗೆ ಇಳಿಸಿ, ತೋಟದ ಸಾಲುಗಳಂತೆಯೇ ಒಳ್ಳೆಯ ಗಿಡಕ್ಕೊಂದು ಚುಕ್ಕೆ, ಬೋರರ್ ಗಿಡಕ್ಕೊಂದು ಕತ್ತರಿ ಗುರುತು ಹಾಕಿ ಪ್ರಿಂಟ್ ತೆಗೆದೆ. ಮೇಲಿನ ಅಂಚಿನಲ್ಲಿ ಕತ್ತರಿ ಗುರುತುಗಳು ಇರುವೆ ಮುತ್ತಿದಂತಿದ್ದವು.

ಸಾಹುಕಾರರು ಜಗಲಿಯಲ್ಲಿ ಕೂತು ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಲ್ಲೇ ಯಾಕೆ ಇಷ್ಟು? ಇದು ಸಿಲ್ವರ್ ಓಕ್ ಕಡಿಸಿದ ಜಾಗ ಅಲ್ವಾ?"

ಕೆಳಗೆ ನಿಂತಿದ್ದ ಚಿಕ್ಕಮ್ಮ ಹೇಳಿದರು: "ಕಡಿಸುವಾಗ್ಲೇ ಹೇಳಿದ್ದೆ ಅಯ್ಯಾ. ನೆರಳು ಹೋದ್ರೆ ಹುಳ ಬರ್ತದೆ ಅಂತ."

ಸಾಹುಕಾರರು ಆ ಅಂಚಿನ ಮೇಲೆ ಬೆರಳಿಟ್ಟರು. "ಹೌದು, ನೀನು ಹೇಳಿದ್ದೆ. ನಾನೇ ಕೇಳ್ಲಿಲ್ಲ. ಮುಂದಿನ ವರ್ಷ ಮಳೆ ಹಿಡಿದ ಕೂಡ್ಲೆ ಅಲ್ಲಿಗೆಲ್ಲ ನೆರಳಿಗೆ ಹಾಲವಾಣ ನೆಡಿಸೋಣ."

ಲೈನಿಗೆ ಹಿಂತಿರುಗುವಾಗ ಚಿಕ್ಕಮ್ಮ ಅಂದರು: "ನಾನು ಬಾಯಲ್ಲಿ ಹೇಳಿದ್ದು ಎರಡು ವರ್ಷ ಗಾಳಿಗೆ ಹೋಯ್ತು ನೋಡು. ನಿನ್ನ ಕಾಗದ ಒಂದೇ ದಿನಕ್ಕೆ ಕೇಳ್ಸ್ತು."

ದನಿಯಲ್ಲಿ ಕಹಿ ಇರಲಿಲ್ಲ, ಆದರೂ ನನಗೆ ಚುರುಕ್ಕೆಂದಿತು. ಆ ಕಾಗದದಲ್ಲಿದ್ದ ಒಂದೊಂದು ಗುರುತೂ ಅವರ ಬೆರಳು ಕಂಡುಹಿಡಿದದ್ದು.

ಮುಂದಿನ ಮಾರ್ಚಿನ ಹುಡುಕಾಟಕ್ಕೆ ಯಂತ್ರದ ಪಟ್ಟಿಯನ್ನು ಅವರ ಸೊಂಟಕ್ಕೇ ಕಟ್ಟಿದೆ.

"ಓದಕ್ಕೆ ಬರಲ್ವಲ್ಲೇ ನಂಗೆ!"

"ಓದೋದು ಏನಿದೆ ಚಿಕ್ಕಮ್ಮ? ಬರೀ ಬೆರಳು, ಕಿವಿ."

ಎರಡು ಸಾಲು ಮುಗಿಯುವಷ್ಟರಲ್ಲಿ ಅವರು ನನಗಿಂತ ಮುಂದಿದ್ದರು. ನಾನು ಪುಸ್ತಕವಿಲ್ಲದ ಕೈಯಲ್ಲಿ ಕೆಂಪು ಬಟ್ಟೆ ಕಟ್ಟುತ್ತ ಹಿಂದೆ ಹೋದೆ. ಆ ಸಲದ ಪ್ರಿಂಟಿನ ತಲೆಯ ಮೇಲೆ, ನೋಡಿದವರು ಎಂಬಲ್ಲಿ, ಅವರ ಹೆಸರು ಹಾಕಿದೆ.

ಮಳೆಗಾಲ ಕಳೆಯುವಾಗ ಪಕ್ಕದ ಎಸ್ಟೇಟಿನ ಮ್ಯಾನೇಜರು ಈ ಯಂತ್ರ ನೋಡಲು ಜೀಪಿನಲ್ಲಿ ಬಂದರು. ವೈರು, ಸೆಲ್ಲು, ಪ್ರೋಗ್ರಾಂ ಎಂದು ನಾನು ಶುರುಮಾಡಿದೆ. ಚಿಕ್ಕಮ್ಮ ನನ್ನ ತೋಳು ಹಿಡಿದು ಬದಿಗೆ ಸರಿಸಿದರು.

"ನೀನು ಸುಮ್ನಿರು. ಬನ್ನಿ ಸಾರ್, ಕೆಳಗೆ ಬ್ಲಾಕಿಗೆ ಹೋಗಣ. ಮೊದಲು ಗಿಡ ಮುಟ್ಟೋದು ಹೇಗೆ ಅಂತ ತೋರಿಸ್ತೀನಿ, ಡಬ್ಬಿ ವಿಷಯ ಆಮೇಲೆ."